ಬರಿ, ನೋಡು, ಸವರು

ಹೋದ ವರ್ಷ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಗುಂಡ್ಲುಪೇಟೆಗೆ ಹೋಗಿದ್ದೆ. ಪಕ್ಕದ ಸೈಟಿನಲ್ಲಿ ಇನ್ನೊಂದು ಮನೆ ಏಳುತ್ತಿತ್ತು. ರಸ್ತೆಯ ಅರ್ಧದವರೆಗೂ ಮರಳು ಸುರಿದಿದ್ದರು. ಬೆಳಿಗ್ಗೆ ನೀರು ಚಿಮುಕಿಸಿದ್ದರಿಂದ ಒದ್ದೆ ಮರಳಿನ ವಾಸನೆ ಶಾಮಿಯಾನದ ಒಳಕ್ಕೂ ಬರುತ್ತಿತ್ತು. ಕೆಲಸದವರ ಮಗುವೊಂದು, ನಾಲ್ಕೈದು ವರ್ಷದ್ದು, ರಾಶಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಏನೋ ಗೀಚಿತು. ಗೀಚಿದ್ದನ್ನು ತಲೆ ವಾಲಿಸಿ ನೋಡಿತು. ಆಮೇಲೆ ಅಂಗೈಯಿಂದ ನೀಟಾಗಿ ಸವರಿಬಿಟ್ಟಿತು. ಮತ್ತೆ ಗೀಚಿತು, ನೋಡಿತು, ಸವರಿತು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಆ ಮಗುವಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಮೊಮ್ಮಗಳು ಬಂದು, "ಅಜ್ಜೀ, ಎಲೆ ಹಾಕಿದ್ದಾರೆ, ಎಲ್ಲರೂ ನಿನ್ನ ಹುಡುಕ್ತಿದ್ದಾರೆ" ಎಂದು ಕೈ ಹಿಡಿದು ಎಳೆದಳು.

ಆ ಮಗುವಿಗೆ ಹಾಗೆ ಮಾಡಲು ಯಾರೂ ಹೇಳಿಕೊಟ್ಟಿರಲಾರರು. ಮರಳೇ ಹೇಳಿಕೊಡುತ್ತದೋ ಏನೋ. ಅರವತ್ತು ವರ್ಷಕ್ಕೂ ಹಿಂದೆ ಇದೇ ಊರಿನ ಮಕ್ಕಳಿಗೆ ಅದನ್ನು ನಾನೇ ಕಲಿಸಿದ್ದೆ, ಕಲಿಸಿದೆನೆಂದು ಜಂಬವನ್ನೂ ಪಟ್ಟಿದ್ದೆ. ಅದರಿಂದಾಗಿ ಒಂದು ಹುಡುಗಿಯ ಓದು ಶುರುವಾಗುವ ಮೊದಲೇ ನಿಂತುಹೋಗುವುದರಲ್ಲಿತ್ತು. ಅವತ್ತು ಊಟಕ್ಕೆ ಕೂತರೂ ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದದ್ದು ನನಗೆ ತಿಳಿಯಲಿಲ್ಲ.

ಅದು ಐವತ್ತರ ದಶಕ. ನನಗೆ ಇಪ್ಪತ್ತು ವರ್ಷ. ಚಾಮರಾಜನಗರದ ಹುಡುಗಿ, ಮೈಸೂರಿನಲ್ಲಿ ಆರು ತಿಂಗಳು ಚಿಕ್ಕ ಮಕ್ಕಳಿಗೆ ಕಲಿಸುವ ಟ್ರೈನಿಂಗ್ ಮುಗಿಸಿದ್ದೆ. ಗುಂಡ್ಲುಪೇಟೆಯಲ್ಲಿ ನಾಲ್ಕಾರು ಮನೆಯ ಹೆಂಗಸರು ಸೇರಿ ಒಂದು ಶಿಶುವಿಹಾರ ನಡೆಸುತ್ತಿದ್ದರು, ಅದಕ್ಕೆ ಟೀಚರಾಗಿ ಬಂದೆ. ಮದುವೆಯಾಗದ ಮಗಳು ಪರ ಊರಿನಲ್ಲಿ ಕೆಲಸ ಮಾಡುವುದೆಂದರೆ ಅಪ್ಪನಿಗೆ ದಿಗಿಲು. ಅಲ್ಲಿ ಸೋದರತ್ತೆಯ ಮನೆ ಇದೆಯಲ್ಲ ಅನ್ನುವ ಧೈರ್ಯದ ಮೇಲೆ ಕಳಿಸಿದರು. ಬಸ್ಸು ಹತ್ತಿಸುವಾಗ ಅಮ್ಮ ಹೇಳಿದ್ದು ಒಂದೇ ಮಾತು: "ಕಂಡ ಕಂಡ ಕಡೆ ಇಣುಕಬೇಡ ಲಲಿತಾ." ನನಗೆ ಚಿಕ್ಕಂದಿನಿಂದಲೂ ಆ ಚಟ. ಮುಚ್ಚಿದ ಡಬ್ಬಿ ಕಂಡರೆ ತೆಗೆಯಬೇಕು, ಯಾರಾದರೂ ಪಿಸುಗುಟ್ಟಿದರೆ ಅಲ್ಲೇ ನಿಲ್ಲಬೇಕು. ಈ ವಯಸ್ಸಿನಲ್ಲೂ ಹೋಗಿಲ್ಲ.

ಶಿಶುವಿಹಾರವಿದ್ದದ್ದು ಊಟಿ ರಸ್ತೆಯಿಂದ ಸ್ವಲ್ಪ ಒಳಗೆ, ಹಳೆಯ ಮನೆಯೊಂದರ ಮುಂದಿನ ಹಜಾರದಲ್ಲಿ. ಹಿಂದೆ ಅಲ್ಲಿ ರಾಗಿ ಮೂಟೆ ಪೇರಿಸುತ್ತಿದ್ದರಂತೆ. ಗೋಡೆಯ ಬಿರುಕಿನಿಂದ ಇನ್ನೂ ರಾಗಿ ಉದುರುತ್ತಿತ್ತು, ಮಕ್ಕಳು ಹೆಕ್ಕಿ ಗುಬ್ಬಿಗಳಿಗೆ ಹಾಕುತ್ತಿದ್ದರು. ಬಂಡೀಪುರದ ಕಡೆಯಿಂದ ಬಿದಿರು ತುಂಬಿದ ಲಾರಿ ಬಂದರೆ ಪಾಠ ತಾನಾಗಿ ನಿಲ್ಲುತ್ತಿತ್ತು. ಲಾರಿ ದಾಟಿ ಧೂಳು ಅಡಗುವವರೆಗೂ ಇಪ್ಪತ್ತಮೂರು ಮಕ್ಕಳೂ ನಾನೂ ಬಾಗಿಲಲ್ಲಿ. ಮಕ್ಕಳಿಗಿಂತ ಮುಂದೆ ನಾನೇ ಇರುತ್ತಿದ್ದೆ ಎಂದು ಆಯಾ ಚಿಕ್ಕತಾಯಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಚಿಕ್ಕತಾಯಮ್ಮ ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದುತರುವವಳು. ಅವಳ ಹತ್ತಿರ ಬಾವಿಯ ಹಳೆಯ ಹಗ್ಗವೊಂದಿತ್ತು, ಅದಕ್ಕೆ ಮೊಳಕ್ಕೊಂದು ಗಂಟು, ಗಂಟಿಗೊಂದು ಮಗು. ತುದಿ ಹಿಡಿದು ಅವಳು ಮುಂದೆ ನಡೆದರೆ ಬೀದಿಯ ಜನ ದಾರಿ ಬಿಡುತ್ತಿದ್ದರು. "ಗಂಟ ಬುಟ್ರೆ ಲಾರಿಯೋನು ಎತ್ಕಂಡೋಯ್ತನೆ ಕಣ್ರಪ್ಪ" ಎಂದು ಹೆದರಿಸುವಳು. ಹೆದರಿಸಿದ ಬಾಯಲ್ಲೇ ಅವರ ಮೂಗನ್ನು ಸೆರಗಿನಿಂದ ಒರೆಸುತ್ತ ಮುದ್ದು ಮಾಡುವಳು.

ನಮ್ಮಲ್ಲಿ ಸ್ಲೇಟು ಇರಲಿಲ್ಲ. ಬಡಗಿ ಮಾಡಿಕೊಟ್ಟ ಆರು ಮರದ ತಟ್ಟೆ, ಅವುಗಳ ತುಂಬ ಹೊಳೆಯ ಮರಳು. ಚಿಕ್ಕತಾಯಮ್ಮನೇ ಹೊತ್ತು ತಂದು, ಜರಡಿ ಹಿಡಿದು, ಬಿಸಿಲಿಗೆ ಹರವಿ ಒಣಗಿಸುತ್ತಿದ್ದಳು. ಒಂದು ತಟ್ಟೆಗೆ ನಾಲ್ಕು ಮಕ್ಕಳು. ಒಬ್ಬರು ಬರೆದದ್ದು ಹಾಗೇ ಉಳಿದರೆ ಇನ್ನೊಬ್ಬರು ಬರೆಯುವುದೆಲ್ಲಿ? ಅದಕ್ಕೆ ಬಂದ ಮೊದಲ ವಾರವೇ ಒಂದು ಕಟ್ಟಳೆ ಮಾಡಿದೆ. ಬರಿ, ನೋಡು, ಸವರು. ಬೆರಳಲ್ಲಿ ಬರೆಯಬೇಕು, ಒಂದು ಸಲ ಕಣ್ತುಂಬ ನೋಡಬೇಕು, ಅಂಗೈಯಿಂದ ಸವರಿ ತಟ್ಟೆಯನ್ನು ಪಕ್ಕದವರಿಗೆ ಜರುಗಿಸಬೇಕು. ಮಕ್ಕಳು ಇದನ್ನು ರಾಗ ಹಾಕಿ ಹೇಳಲು ಶುರುಮಾಡಿದರು. ಯಾರಾದರೂ ಸವರದೆ ತಟ್ಟೆ ಜರುಗಿಸಿದರೆ ಉಳಿದ ಮೂವರೂ "ಎಂಜ್ಲು, ಎಂಜ್ಲು" ಎಂದು ಕೂಗುತ್ತಿದ್ದರು. ಉಂಡ ಎಲೆಯನ್ನು ಹಾಗೇ ಬಿಟ್ಟು ಎದ್ದಂತೆ ಅವರಿಗೆ. ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ, ಕೇಳಿ ಖುಷಿಪಟ್ಟು ಸುಮ್ಮನಾದೆ.

ಎಲ್ಲರಿಗಿಂತ ಚೆನ್ನಾಗಿ ಸವರುವವಳು ಜೈಬು. ಕಲಾಯಿ ಹುಸೇನ್ ಸಾಬರ ಮಗಳು. ಪೂರ್ತಿ ಹೆಸರು ಜೈಬುನ್ನೀಸಾ, ಆದರೆ ಆರು ವರ್ಷದ ಆ ಹಿಡಿಗಾತ್ರದ ಹುಡುಗಿಗೆ ಅಷ್ಟುದ್ದದ ಹೆಸರು ಹೆಚ್ಚಾಗಿತ್ತು. ಅವಳ ಅಬ್ಬಾ ಪೇಟೆ ಬೀದಿಯ ಹುಣಿಸೆಮರದ ಕೆಳಗೆ ತಿದಿ ಒತ್ತಿಕೊಂಡು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಕೆಂಪಗೆ ಕಾದ ಪಾತ್ರೆಗೆ ನವಸಾಗರದ ಪುಡಿ ಬೀಳುತ್ತಲೇ ಬಿಳಿ ಹೊಗೆ ಏಳುತ್ತಿತ್ತು. ತವರವನ್ನು ಮುಟ್ಟಿಸಿ ಬಟ್ಟೆಯಿಂದ ಸರ್‍ರನೆ ಸವರಿದರೆ ಕಪ್ಪು ಪಾತ್ರೆಯ ಒಳಗೆ ಬೆಳ್ಳಿ ಬಂದಂತಾಗುತ್ತಿತ್ತು. ಹುಟ್ಟಿದಾಗಿನಿಂದ ಅದನ್ನು ನೋಡಿದ ಮಗುವಿಗೆ ಸವರುವುದೆಂದರೆ ಕೆಲಸದ ಕೊನೆ. ಮರಳನ್ನು ಅಂಗೈಯಲ್ಲಿ ಸವರಿ, ಆಮೇಲೆ ಕೈಯ ಅಂಚಿನಿಂದ ತಟ್ಟೆಯ ಮೂಲೆಗಳನ್ನೂ ತೀಡಿ, ಬಾಗಿ ನೋಡಿ, ಆಮೇಲೇ ಜರುಗಿಸುವಳು.

ನಾನು ಬಂದ ಎರಡನೇ ವರ್ಷ, ಶಿವರಾತ್ರಿ ಕಳೆದ ಮೇಲೆ ದೊಡ್ಡ ಶಾಲೆಯ ಹೆಡ್‌ಮೇಷ್ಟ್ರು ಗುರುಸಿದ್ದಪ್ಪನವರು ನಮ್ಮಲ್ಲಿಗೆ ಬಂದರು. ಎತ್ತರದ ಆಳು, ಹಣೆಯಲ್ಲಿ ಮೂರೆಳೆ ವಿಭೂತಿ, ಕಂಕುಳಲ್ಲಿ ಕೊಡೆ. ಮಕ್ಕಳ ಮರಳಿನ ತಟ್ಟೆ ದಾಟುವಾಗ ಪಂಚೆ ಎತ್ತಿ ಹಿಡಿದರು.

"ನೋಡಮ್ಮ, ಒಂದು ಕೋಣೆಯ ಹೆಂಚು ಕುಸಿದಿದೆ. ರಿಪೇರಿ ಯಾವತ್ತೋ ಗೊತ್ತಿಲ್ಲ. ಒಂದನೇ ಕ್ಲಾಸಿಗೆ ಈ ಸಾರಿ ಒಂದೇ ಕೋಣೆ. ಒಂದೇ ಕಡೆ ಕೂತ್ಕೊಳೋಕೆ, ಕರೆದರೆ ಓಗೊಡೋಕೆ, ಹೇಳಿದ ಅಕ್ಷರ ಬರೆಯೋಕೆ ಬರುವವರನ್ನ ಮಾತ್ರ ತಗೋತೀನಿ. ಉಳಿದವರು ಮುಂದಿನ ವರ್ಷ ಬರಲಿ. ಮೇ ಕೊನೇಲಿ ಕರಕೊಂಡು ಬನ್ನಿ, ನೋಡೋಣ."

ನಮ್ಮಲ್ಲಿ ಆರು ತುಂಬಿದ ಮಕ್ಕಳು ಹನ್ನೊಂದು. ಹತ್ತು ಮಂದಿಗೆ ಮುಂದಿನ ವರ್ಷ ಎಂದರೆ ಮುಂದಿನ ವರ್ಷವೇ. ಜೈಬುವಿಗೆ ಹಾಗಲ್ಲ. ಅದು ತಿಳಿದದ್ದು ಅದೇ ವಾರ ಹುಸೇನ್ ಸಾಬರು ಮಗಳನ್ನು ಕರೆದೊಯ್ಯಲು ಬಂದಾಗ. ಕೈಯ ಮಸಿಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಹೊಸ್ತಿಲ ಆಚೆಯೇ ನಿಂತರು.

"ಟೀಚರಮ್ಮ, ನಮ್ ಜೈಬು ದೊಡ್ಡಿಸ್ಕೂಲ್ಗೆ ಓಯ್ತಾಳಾ?"

"ಯಾಕೆ ಹೋಗಲ್ಲ ಸಾಬರೇ? ಚೆನ್ನಾಗಿ ಬರೀತಾಳೆ."

"ಈ ಜೂನ್ಗೆ ತಕ್ಕಂಡ್ರೆ ಓದ್ಲಿ, ಇಲ್ಲಾಂದ್ರೆ ಬುಡು ಅಂತವ್ಳೆ ನಮ್ಮಮ್ಮ. ಸಂತೆಮರಹಳ್ಳೀಲಿ ನನ್ ತಂಗಿಗೆ ಅವಳಿ ಮಕ್ಳು. ತೊಟ್ಲು ತೂಗಕೆ ಜೈಬೂನ ಕಳ್ಸು ಅಂತ ಕೂತವ್ಳೆ. ಅಲ್ಲೋದ್ರೆ ಮತ್ತೆ ಇಸ್ಕೂಲು ಎಲ್ಲಿ."

ಇಷ್ಟಕ್ಕೇ ಅವರು ಹೊರಡುತ್ತಿದ್ದರೋ ಏನೋ. ನಾನು ಬಿಡಬೇಕಲ್ಲ. ಹೆಣ್ಣುಮಗುವನ್ನು ಓದಿಸಬೇಕೆಂದು ನಿಮಗೆ ಯಾಕೆ ಅನ್ನಿಸಿತು ಎಂದು ಕೇಳಿಯೇಬಿಟ್ಟೆ. ಅವರು ತಲೆ ಕೆರೆದುಕೊಂಡರು.

"ನಾನು ಪಾತ್ರೆಗೆ ಯೆಸ್ರೂ ಕೊರೀತೀನಲ್ಲ. ಕನ್ನಡ ಮಾತು ಬತ್ತದೆ, ಅಕ್ಸರ ಬರಕಿಲ್ಲ. ಚೀಟೀಲಿ ಎಂಗದೋ ಅಂಗೇ ನೋಡ್ಕಂಡು ಉಳಿ ಒಡೀತೀನಿ. ಓದ್ ವರ್ಸ ಒಬ್ರು ಯಜಮಾನ್ರು ಮಗನ ಮದ್ವೆಗೆ ಅಂತ ದೊಡ್ಡ ಕೊಳಗ ಕೊಟ್ರು. ಚೀಟೀನ ತಲೆಕೆಳಗಾಗಿ ಇಡ್ಕಂಡ್ಬುಟ್ಟಿದ್ದೆ. ಯೆಸ್ರೆಲ್ಲಾ ಉಲ್ಟಾ. ಮದ್ವೆ ಮನೇಲಿ ಬಂದೋರೆಲ್ಲ ಬಗ್ಗಿ ಬಗ್ಗಿ ಓದವ್ರೆ."

"ಬೈದರಾ?"

"ಬೈನಿಲ್ಲ. ನಕ್ಬುಟ್ರು. ಬೈದಿದ್ರೆ ಚೆಂದಾಗಿತ್ತು" ಎಂದು ಹೇಳಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟುಹೋದರು.

ಮಾರನೇ ದಿನದಿಂದಲೇ ನಾನು ತಯಾರಿಗೆ ಇಳಿದೆ. ಮೊದಲು ದೊಡ್ಡ ಶಾಲೆಗೆ ಹೋಗಿ, ಅಮ್ಮನ ಮಾತು ಮೀರಿ, ಕಿಟಕಿ ಕಿಟಕಿಯಲ್ಲೂ ಇಣುಕಿದೆ. ಅಲ್ಲಿರುವ ಯಾವುದೆಲ್ಲ ನಮ್ಮ ಮಕ್ಕಳಿಗೆ ಹೊಸದು ಎಂದು ತಿಳಿಯಬೇಕಿತ್ತು. ಗಂಟೆ ಹೊಸದು. ಎತ್ತರದ ಹೊಸ್ತಿಲು ಹೊಸದು. ಮಧ್ಯಾಹ್ನ ಚಾಪೆ ಹಾಸಿ ಮಲಗಿಸುವವರಿಲ್ಲ, ಹಾಲು ಕೊಡುವವರಿಲ್ಲ, ಹೊರಗೆ ಹೋಗಬೇಕಾದರೆ ಬೆರಳೆತ್ತಿ ಕೇಳಬೇಕು. ಹಾಗಾಗಿ ಲಾರಿ ಷೆಡ್ಡಿನಿಂದ ಒಂದು ಕಬ್ಬಿಣದ ತುಂಡು ತಂದು ಹಜಾರದ ತೊಲೆಗೆ ನೇತುಹಾಕಿ ಗಂಟೆ ಬಾರಿಸಿದೆ. ಮೊದಲ ಏಟಿಗೇ ಎರಡು ಮಕ್ಕಳು ಅಳುತ್ತಾ ಚಿಕ್ಕತಾಯಮ್ಮನ ಸೆರಗಿನೊಳಗೆ ಸೇರಿಕೊಂಡವು.

ಹಾಜರಿಯದೇ ಒಂದು ಕತೆ. ಮಕ್ಕಳ ಮನೆಯ ಹೆಸರೇ ಬೇರೆ, ರಿಜಿಸ್ಟರಿನ ಹೆಸರೇ ಬೇರೆ. "ಮಹದೇವಸ್ವಾಮಿ" ಎಂದು ಕರೆದರೆ ಯಾರೂ ಓಗೊಡಲಿಲ್ಲ. ಪುಟ್ಟ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗನನ್ನು ಎಬ್ಬಿಸಿ, "ನೀನೇ ಕಣೋ ಮಹದೇವಸ್ವಾಮಿ" ಎಂದೆ.

"ನಾನಲ್ಲ. ಅದು ನಮ್ಮ ತಾತ. ಮನೇಲವ್ರೆ" ಎಂದ.

ಅವನನ್ನು ಒಪ್ಪಿಸಲು ನಾಲ್ಕು ದಿನ ಹಿಡಿಯಿತು. ಒಪ್ಪಿದ ಮೇಲೂ, ಹಾಜರಿ ಕರೆದಾಗ ತಾತ ಬಂದಿದ್ದಾರೋ ಎಂದು ಬಾಗಿಲ ಕಡೆ ಒಮ್ಮೆ ನೋಡಿಯೇ "ಹಾಜರ್ ಸಾರ್" ಅನ್ನುತ್ತಿದ್ದ.

ಏಪ್ರಿಲ್ ಬಿಸಿಲು. ಹೆಂಚಿನ ಕಾವಿಗೆ ಹಜಾರ ಬೆಂದುಹೋಗುತ್ತಿತ್ತು. ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ನಾನು ಕೇಳುತ್ತಿದ್ದೆ, ದೊಡ್ಡ ಶಾಲೆಯಲ್ಲಿ ಏನೇನಿದೆ ಹೇಳಿ ನೋಡೋಣ ಎಂದು. ಆ ಪುಟ್ಟ ತಲೆಗಳಲ್ಲಿ ದೊಡ್ಡ ಶಾಲೆ ಹೇಗೆ ಕಾಣುತ್ತದೆ ಎಂದು ತಿಳಿಯುವ ಆಸೆ ನನಗೆ. ಅಲ್ಲಿ ಹೆಡ್‌ಮೇಷ್ಟ್ರ ಕೊಡೆ ತಾನಾಗಿ ಬಿಚ್ಚಿಕೊಳ್ಳುತ್ತದಂತೆ ಎಂದು ಒಂದು ಮಗು. ಕುಸಿದ ಕೋಣೆಯೊಳಗೆ ಚಿರತೆ ಬಂದು ಮಲಗುತ್ತದಂತೆ, ಬಂಡೀಪುರದ ಕಾಡಿಂದ ಅಂತ ಇನ್ನೊಂದು. ಜೈಬು ಹೇಳಲಿಲ್ಲ, ಕೇಳಿದಳು.

"ಅಲ್ಲಿ ಮರಳು ಎಲ್ಲಿ ಮಡ್ಗಿರ್ತರೆ?"

"ಅಲ್ಲಿ ಮರಳಿಲ್ಲ ಜೈಬು. ಸ್ಲೇಟು, ಬಳಪ."

"ಬರ್ದು ನೋಡಾದ್ಮೇಲೆ?"

"ಆದಮೇಲೆ ಏನು, ಮಾಮೂಲಿ" ಎಂದು ನಾನು ಪುಟ್ಟನ ಕಡೆ ತಿರುಗಿದೆ. ಅವನು ಚಿರತೆಯ ಬಾಲದ ಉದ್ದ ತೋರಿಸುತ್ತಿದ್ದ, ನನಗೆ ಅದರ ಮೇಲೆ ಕುತೂಹಲ. ಲೋಕದಲ್ಲಿ ಇಣುಕಬಾರದ ಕಡೆಯೆಲ್ಲ ಇಣುಕಿದವಳು ಅವತ್ತು ಆ ಒಂದು ಪ್ರಶ್ನೆಯೊಳಕ್ಕೆ ಇಣುಕಲಿಲ್ಲ. ಇದನ್ನು ನೆನೆದಾಗೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸ್ಲೇಟುಗಳು ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದದ್ದು ಪರೀಕ್ಷೆಯ ಹಿಂದಿನ ದಿನ. ಹೊಸ ಸ್ಲೇಟು, ಮರದ ಚೌಕಟ್ಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಡೆದಾವೆಂಬ ಭಯಕ್ಕೆ ಒಂದೇ ಒಂದು ಗಂಟೆ ಮಕ್ಕಳ ಕೈಗೆ ಕೊಟ್ಟೆ. ಬಳಪ ಹಿಡಿಯುವುದನ್ನು ತೋರಿಸಿದೆ. ಮಕ್ಕಳು ಬರೆದರು, ನೋಡಿದರು, ಸವರಿದರು. ಸ್ಲೇಟುಗಳೆಲ್ಲ ಶುಭ್ರವಾಗಿ ನನ್ನ ಕೈಗೆ ವಾಪಸು ಬಂದವು. ಎಂಥ ಒಳ್ಳೆಯ ಮಕ್ಕಳು ಎಂದುಕೊಂಡು ಕಟ್ಟಿಟ್ಟೆ. ಕಣ್ಣೆದುರೇ ನಡೆದದ್ದು ನನಗೆ ಕಾಣಲಿಲ್ಲ, ಯಾಕೆಂದರೆ ಆ ಅಭ್ಯಾಸ ನನಗೂ ಆಗಿಹೋಗಿತ್ತು.

ಮಾರನೇ ದಿನ ಚಿಕ್ಕತಾಯಮ್ಮ ಹಗ್ಗ ಹಿಡಿದು ಮುಂದೆ, ಹನ್ನೊಂದು ಗಂಟಿಗೆ ಹನ್ನೊಂದು ಮಕ್ಕಳು, ಸ್ಲೇಟಿನ ಕಟ್ಟು ಹೊತ್ತು ಹಿಂದೆ ನಾನು. ಎಲ್ಲರ ತಲೆಗೂ ಎಣ್ಣೆ ಸುರಿದಿದ್ದರು. ಜೈಬುವಿನ ಅಜ್ಜಿ ಮೊಮ್ಮಗಳಿಗೆ ಹಬ್ಬದ ಹಸಿರು ಲಂಗ ಹಾಕಿಸಿದ್ದರು. ಒಪ್ಪದ ಕೆಲಸಕ್ಕೂ ಕೊಟ್ಟ ಮಾತಿನಂತೆ ನಡೆಯುವ ಹೆಂಗಸು. ಹೆಡ್‌ಮೇಷ್ಟ್ರು ಮಕ್ಕಳನ್ನು ಒಳಗೆ ಕೂರಿಸಿ, ನಮ್ಮಿಬ್ಬರಿಗೆ ಜಗಲಿಯಲ್ಲೇ ಇರಲು ಹೇಳಿದರು. ನಾನು ಕಿಟಕಿಗೆ ಹೋದೆ.

ಎಲ್ಲ ಚೆನ್ನಾಗಿಯೇ ನಡೆಯಿತು. ಗಂಟೆ ಬಾರಿಸಿದರು, ಯಾರೂ ಅಳಲಿಲ್ಲ. ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿ ಎಂದರು, ಮುಟ್ಟಿದರು. ಹಾಜರಿಗೆ ಪುಟ್ಟನೂ ಓಗೊಟ್ಟ. "ಮರ ಅಂತ ಬರೀರಿ" ಎಂದು ಹೇಳಿ ಹೆಡ್‌ಮೇಷ್ಟ್ರು ಮೇಜಿನ ಮೇಲಿನ ಕಾಗದಕ್ಕೆ ಬಗ್ಗಿದರು. ಹನ್ನೊಂದು ಬಳಪಗಳ ಕಿರ್‌ಕಿರ್ ಸದ್ದು ಕಿಟಕಿಗೆ ಕೇಳಿಸಿತು. ಆಮೇಲೆ ನಿಶ್ಶಬ್ದ. ಅವರು ಎದ್ದು ಸಾಲಿನ ನಡುವೆ ನಡೆದು ಬಂದರು. ಮೊದಲ ಸ್ಲೇಟು ನೋಡಿದರು, ಎರಡನೆಯದು, ಮೂರನೆಯದು. ಹನ್ನೊಂದೂ ಖಾಲಿ.

"ಯಾಕ್ರೋ ಬರೀಲಿಲ್ಲ?"

"ಬರ್ದೊ ಸಾರ್" ಎಂದ ಪುಟ್ಟ.

"ಎಲ್ಲಿ?"

ಎದುರಿಗೆ ಸ್ಲೇಟಿದೆ, ಅದರಲ್ಲಿ ಏನೂ ಇಲ್ಲ, ಬರೆದೆವೆಂದು ಒಬ್ಬ ಹೇಳುತ್ತಾನೆ. ನನಗೆ ಆಗ ಅರ್ಥವಾಯಿತು. ನಾನು ಕಿಟಕಿಯಿಂದ ಕೂಗಿ ಹೇಳುವಷ್ಟರಲ್ಲಿ ಹೆಡ್‌ಮೇಷ್ಟ್ರು ಗೋಡೆಯ ಮೂಲೆಯಿಂದ ಬೆತ್ತ ತೆಗೆದರು.

"ಸುಳ್ಳು ಬೇರೆ ಹೇಳ್ತೀರಾ. ನೀಡಿ ಕೈ."

ಹನ್ನೊಂದು ಮಕ್ಕಳೂ ಬಲಗೈ ನೀಡಿದರು. ಹನ್ನೊಂದು ಅಂಗೈಯೂ ಬಳಪದ ಪುಡಿಯಿಂದ ಬೆಳ್ಳಗಿದ್ದವು.

ಬೆತ್ತ ಅರ್ಧಕ್ಕೆ ನಿಂತಿತು. ಅವರು ಬಗ್ಗಿ ಪುಟ್ಟನ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ನೋಡಿದರು. ಪಕ್ಕದವನ ಕೈ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಒಳಗೆ ಬಾಮ್ಮ. ಇದೇನು ಹೇಳು" ಎಂದರು.

ನಾನು ಒಳಗೆ ಹೋಗಿ ಹೇಳಿದೆ. ಮರಳು, ತಟ್ಟೆ, ನಾಲ್ಕು ಮಕ್ಕಳು, ಬರಿ ನೋಡು ಸವರು. ಕೇಳಿಸಿಕೊಳ್ಳುತ್ತ ಅವರ ಮೀಸೆಯ ತುದಿ ಅಲುಗಿತು, ಆದರೆ ನಗಲಿಲ್ಲ. ಬೆತ್ತವನ್ನು ಮೂಲೆಗಿಟ್ಟು ಬಂದರು.

"ಸರಿ. ಇನ್ನೊಂದು ಸಲ ಬರೀರಿ. ನಾನು ನೋಡೋವರೆಗೂ ಸವರಕೂಡದು."

ಈಗ ಅದೊಂದು ನೋಟ. ಬರೆದ ಮೇಲೆ ಕೈಗಳು ತಾವಾಗಿ ಮೇಲೇಳುತ್ತಿದ್ದವು. ಒಬ್ಬ ಎಡಗೈಯಿಂದ ಬಲಗೈ ಹಿಡಿದುಕೊಂಡ. ಒಬ್ಬಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಪುಟ್ಟ ಕೈಯ ಮೇಲೆಯೇ ಕೂತುಬಿಟ್ಟ. ಹತ್ತು ಸ್ಲೇಟಿನಲ್ಲಿ ಹತ್ತು ಮರ, ಒಂದೊಂದು ಒಂದೊಂದು ಕಡೆಗೆ ವಾಲಿಕೊಂಡು ನಿಂತಿತು. ಜೈಬುವಿನ ಸ್ಲೇಟು ಮಾತ್ರ ಖಾಲಿ. ಹೆಡ್‌ಮೇಷ್ಟ್ರು ಎದುರಿಗೇ ನಿಂತು ಮತ್ತೆ ಬರೆಸಿದರು. ಎಲ್ಲರಿಗಿಂತ ಗುಂಡಗೆ ಬರೆದಳು. ಅವರು ಕನ್ನಡಕ ಏರಿಸಿಕೊಳ್ಳುವುದರೊಳಗೆ ಸವರಿಬಿಟ್ಟಳು, ಮೂಲೆಗಳನ್ನೂ ತೀಡಿದಳು. ಮೂರನೇ ಸಲವೂ ಅದೇ ಆಯಿತು.

"ಸವರಬೇಡ ಅಂದೆನಲ್ಲಮ್ಮ. ಯಾಕೆ?"

"ಎಂಜ್ಲಾಯ್ತದೆ" ಎಂದಳು, ಕೇಳಿಸುವುದೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಕಣ್ಣಲ್ಲಿ ನೀರು ತುಂಬಿತ್ತು. ದೊಡ್ಡ ಶಾಲೆಯ ದೊಡ್ಡ ಮೇಷ್ಟ್ರ ಮುಂದೆ ಅಂಥ ಕೆಲಸ ಅವಳಿಂದಾಗದು.

ಅವರು ಕೆಟ್ಟವರಲ್ಲ. ಆದರೂ ತಲೆಯಾಡಿಸಿ, "ಇವಳು ಮುಂದಿನ ವರ್ಷ ಬರಲಿ" ಎಂದರು. ಮುಂದಿನ ವರ್ಷ ಅನ್ನುವುದು ಇವಳಿಗಿಲ್ಲ ಎಂದು ನಾನು ಸಂತೆಮರಹಳ್ಳಿಯ ತೊಟ್ಟಿಲಿನ ತನಕ ಎಲ್ಲ ಹೇಳಿಕೊಂಡೆ. ತಪ್ಪು ನನ್ನದು ಸಾರ್, ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿದವಳು ಇವಳೊಬ್ಬಳೇ ಎಂದು ಅತ್ತೂಬಿಟ್ಟೆ. ಅವರು ಕೊಡೆಯ ಹಿಡಿ ತಿರುಗಿಸುತ್ತ, "ಸೋಮವಾರ ಶಾಲೆ ಶುರು. ಅವತ್ತು ಬೆಳಿಗ್ಗೆ ಇನ್ನೊಂದು ಸಲ ನೋಡ್ತೀನಿ. ಅಷ್ಟೇ" ಎಂದರು.

ನಡುವೆ ನಾಲ್ಕು ದಿನ. ನಾನೂ ಚಿಕ್ಕತಾಯಮ್ಮನೂ ಜೈಬುವಿನ ಬೆನ್ನು ಬಿದ್ದೆವು. ಕೊಬ್ಬರಿ ಮಿಠಾಯಿ ಕೊಟ್ಟು ಹೇಳಿದೆ, ಗದರಿ ಹೇಳಿದೆ. "ಬುಡು ಕಣಮ್ಮಿ, ಅದು ಎಂಜ್ಲಲ್ಲ, ನಾನೇಳ್ತೀನಲ್ಲ" ಎಂದು ಚಿಕ್ಕತಾಯಮ್ಮ ಗದ್ದ ಹಿಡಿದಳು. ಹೂಂ ಅನ್ನುವಳು, ಬರೆಯುವಳು, ಸವರುವಳು. ಎರಡು ವರ್ಷ ರಾಗ ಹಾಕಿ ಕಲಿಸಿದ್ದು ಎರಡು ದಿನದಲ್ಲಿ ಬಿಡುತ್ತದೆಯೇ? ಶನಿವಾರ ನಾನು ಸೋತು, ಅವಳನ್ನು ಕರೆದುಕೊಂಡು ಹುಣಿಸೆಮರದ ಕೆಳಗೆ ಹೋದೆ. ಹುಸೇನ್ ಸಾಬರಿಗೆ ಮುಖ ತೋರಿಸಲು ನನಗೆ ನಾಚಿಕೆ. ಅವರು ತಿದಿ ನಿಲ್ಲಿಸಿ ಎಲ್ಲ ಕೇಳಿದರು.

"ಅವ್ಳದೇನು ತಪ್ಪಿಲ್ಲ ಬುಡಿ. ನಮ್ ಮನೇಲಿ ಸವರ್ದೆ ಮಡ್ಗಿದ್ ಪಾತ್ರೆ ಯಾವ್ದದೆ" ಎಂದರು. ಆಮೇಲೆ ಚೀಲದಿಂದ ಒಂದು ಪುಟ್ಟ ತಾಮ್ರದ ಚೊಂಬು ತೆಗೆದು ಮಗಳ ಮುಂದಿಟ್ಟರು. "ಬೇಟಿ, ನಿನ್ ಯೆಸ್ರಿನ ಮೊದಲ್ನೇ ಅಕ್ಸರ ಬರಿ ಇದ್ರ ಮೇಲೆ."

ಜೈಬು ಬಳಪದಿಂದ ಚೊಂಬಿನ ಹೊಟ್ಟೆಯ ಮೇಲೆ ಜ ಬರೆದಳು. ಕೈ ಏಳುವಷ್ಟರಲ್ಲಿ ಸಾಬರು ಆ ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡರು. ಹಿಡಿದ ಕೈಯನ್ನು ತಮ್ಮ ಮಂಡಿಯ ಕೆಳಗೆ ಒತ್ತಿ ಇಟ್ಟುಕೊಂಡೇ ಉಳಿ, ಸುತ್ತಿಗೆ ತೆಗೆದರು. ಟಿಕ್ ಟಿಕ್ ಎಂದು ಬಿಳಿ ಗೆರೆಯ ಮೇಲೆ ಚುಕ್ಕೆಗಳನ್ನು ಕೂರಿಸುತ್ತ ಹೋದರು. ಮಗು ಉಸಿರು ಬಿಗಿಹಿಡಿದು ನೋಡಿತು. ಮುಗಿದ ಮೇಲೆ ಕೈ ಬಿಟ್ಟು, "ಊಂ, ಈಗ ಸವರು" ಎಂದರು.

ಸವರಿದಳು. ಬಳಪ ಹೋಯಿತು, ಜ ಹೋಗಲಿಲ್ಲ. ಇನ್ನೊಂದು ಸಲ ಜೋರಾಗಿ ಸವರಿದಳು. ಲಂಗದ ತುದಿಯಿಂದ ಉಜ್ಜಿದಳು. ಬೆರಳ ತುದಿಯಿಂದ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಚೊಂಬನ್ನು ಅಪ್ಪನ ಮುಖಕ್ಕೆ ಹಿಡಿದು, "ಅಬ್ಬಾ, ಇದು ಎಂಜ್ಲಲ್ವಾ?" ಎಂದಳು.

"ಅಲ್ಲ. ಇದು ನಿಂದು. ಯಾರ್ ನೋಡಿದ್ರೂ ನಿಂದೇ."

ಆ ದಿನವಿಡೀ ಆ ಚೊಂಬನ್ನು ಕೆಳಗಿಡಲಿಲ್ಲವಂತೆ.

ಸೋಮವಾರ ಬೆಳಿಗ್ಗೆ ಕೇರಳದ ಕಡೆಯಿಂದ ತುಂತುರು ಬಂದಿತ್ತು. ಗೋಪಾಲಸ್ವಾಮಿ ಬೆಟ್ಟ ಮೋಡದೊಳಗೆ ಮುಚ್ಚಿಹೋಗಿತ್ತು. ಹೆಡ್‌ಮೇಷ್ಟ್ರು ಜೈಬುವನ್ನು ತಮ್ಮ ಮೇಜಿನ ಪಕ್ಕ ನೆಲದ ಮೇಲೆ ಕೂರಿಸಿ, "ಮರ" ಎಂದರು. ಅವಳು ಬರೆದಳು. ಬಲಗೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಆ ಕೈ ಅವಳ ಮಂಡಿಯ ಕೆಳಗಿತ್ತು. ಅದನ್ನು ಅಲ್ಲಿ ಒತ್ತಿ ಹಿಡಿದು ಅವಳು ಹೆಡ್‌ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ಅವರು ಸ್ಲೇಟನ್ನು ಎತ್ತಿಕೊಂಡು, ಬೇಕಿದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿ, ರಿಜಿಸ್ಟರು ಬಿಚ್ಚಿದರು. ಜೈಬುನ್ನೀಸಾ ಎಂದು ಬರೆದುಕೊಂಡು, ಇಂಕು ಆರುವವರೆಗೂ ತಾವೂ ಮುಟ್ಟದೆ ಕಾದರು.

ಜೂನ್ ಇಡೀ ಹನಿ ನಿಲ್ಲಲಿಲ್ಲ. ಒಂದು ಸಂಜೆ ಶಾಲೆ ಬಿಟ್ಟ ಮಕ್ಕಳ ಗುಂಪಿನಲ್ಲಿ ಜೈಬುವನ್ನು ಕಂಡೆ. ಎಲ್ಲರೂ ಗೋಣಿಚೀಲದ ಕೊಪ್ಪೆಯನ್ನು ತಲೆಗೆ ಹಾಕಿಕೊಂಡಿದ್ದರೆ ಇವಳು ತಲೆ ನೆನೆಸಿಕೊಂಡು ಸ್ಲೇಟಿಗೆ ಗೋಣಿ ಹೊದಿಸಿದ್ದಳು. ಮೈಗೆ ತಾಗದಂತೆ ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು ನಡೆಯುತ್ತಿದ್ದಳು. ಏನಿದೆ ಎಂದು ಇಣುಕದೆ ಇರಲು ನನ್ನಿಂದಾಗುತ್ತದೆಯೇ? ಸ್ಲೇಟೆಲ್ಲ ಶುಭ್ರ, ಮೂಲೆಗಳೂ ಶುಭ್ರ, ನಟ್ಟನಡುವೆ ಒಂದೇ ಒಂದು ಅಕ್ಷರ ಉಳಿಸಿಕೊಂಡಿದ್ದಳು.

"ಅಬ್ಬಾಗೆ" ಎಂದಳು. "ದಿನಕ್ಕೊಂದು ತಕ್ಕೊಂಡೋಯ್ತೀನಿ."

ಮುಂದಿನ ಬೇಸಿಗೆಗೆ ನನಗೆ ಮದುವೆ ಗೊತ್ತಾಯಿತು. ಗುಂಡ್ಲುಪೇಟೆ ಬಿಡುವ ವಾರ ಸೋದರತ್ತೆ ಒಂದು ತಾಮ್ರದ ಬಿಂದಿಗೆ ಕೊಟ್ಟು, ಹೆಸರು ಹಾಕಿಸಿಕೋ ಎಂದಳು. ಚೀಟಿಯಲ್ಲಿ ಲಲಿತ ಎಂದು ಬರೆದುಕೊಂಡು ಹುಣಿಸೆಮರದ ಕೆಳಗೆ ಹೋದೆ. ಮರಕ್ಕೆ ಒಂದು ಹಳೆಯ ತಾಮ್ರದ ತಟ್ಟೆ ಒರಗಿಸಿತ್ತು. ಅದರ ತುಂಬ ಉಳಿಯಲ್ಲಿ ಚುಚ್ಚಿದ ಅಕ್ಷರಗಳು, ಜೈಬು ದಿನಕ್ಕೊಂದರಂತೆ ತಂದ ಕ್ರಮದಲ್ಲಿ, ಒಂದು ದೊಡ್ಡದು ಒಂದು ಸಣ್ಣದು, ಹೆಚ್ಚುಕಡಿಮೆ ಅಂಚಿನವರೆಗೂ ಬಂದಿದ್ದವು. ಹುಸೇನ್ ಸಾಬರು ಬಿಂದಿಗೆ ತೆಗೆದುಕೊಂಡು ಚೀಟಿಗೆ ಕೈ ಚಾಚಿದರು.

ನಾನು ಚೀಟಿಯನ್ನು ತಲೆಕೆಳಗಾಗಿ ಕೊಟ್ಟೆ. ಬೇಕೆಂದೇ ಕೊಟ್ಟೆ ಎಂದು ಒಪ್ಪಿಕೊಳ್ಳಲು ಇವತ್ತಿಗೂ ಮುಜುಗರ, ಆದರೆ ತಿಳಿಯದೆ ಆ ಊರು ಬಿಟ್ಟು ಹೋಗುವುದು ನನ್ನಿಂದಾಗುತ್ತಿರಲಿಲ್ಲ.

ಅವರು ಚೀಟಿಯನ್ನು ದೂರ ಹಿಡಿದು ನೋಡಿದರು. ಹುಬ್ಬು ಗಂಟಿಕ್ಕಿತು. ತಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಚೀಟಿಯನ್ನು ನಿಧಾನವಾಗಿ ತಿರುಗಿಸಿ ಸರಿಯಾಗಿ ಹಿಡಿದುಕೊಂಡು, ತುಟಿಯಲ್ಲೇ ಮೂರು ಅಕ್ಷರ ಕೂಡಿಸಿ, ನನ್ನ ಮುಖ ನೋಡಿದರು. ಉಳಿ ತೆಗೆದುಕೊಂಡರು.

ಮುಗಿಸಿ, ಪುಡಿ ಊದಿ, ಬಿಂದಿಗೆಯನ್ನು ನನ್ನ ಮುಂದಿಟ್ಟರು. "ಸವರಿ ನೋಡಿ ಟೀಚರಮ್ಮ" ಎಂದರು.

ಅಂಗೈಯಿಂದ ಸವರಿದೆ. ಹುಣಿಸೆಹಣ್ಣು ಹಾಕಿ ಇವತ್ತಿಗೂ ವಾರಕ್ಕೊಮ್ಮೆ ತಿಕ್ಕಿಸುತ್ತೇನೆ. ಹೋಗಿಲ್ಲ.